ಹಸಿರೆಲೆ ಗೊಬ್ಬರದ ಬೀಜ ಮೇ ತಿಂಗಳಿಗೆ ಮೊದಲೇ ಬರಲಿ: ಉಸ್ತುವಾರಿ ಸಚಿವರಿಗೊಂದು ಬಹಿರಂಗ ಪತ್ರ

ಕೊಡಗು ಜಿಲ್ಲಾ ಉಸ್ತುವಾರಿ ಸಚಿವರಿಗೆ,

ಮಾನ್ಯರೇ,

ನಾನು ಪೊನ್ನಂಪೇಟೆ ತಾಲ್ಲೂಕಿನ ರೈತ. ಎರಡು ಎಕರೆ ಗದ್ದೆ, ಅದರ ಮೇಲಿನ ಬಾಣೆಯಲ್ಲಿ, ಅಂದರೆ ಗದ್ದೆಗೆ ಸೇರಿದ ಗುಡ್ಡದ ಜಾಗದಲ್ಲಿ, ಸ್ವಲ್ಪ ಕಾಫಿ ಇದೆ. ಕೊಡಗಿನಲ್ಲಿ ಗದ್ದೆಯ ಜೊತೆಗೆ ಬಾಣೆಯನ್ನೂ ಕೊಟ್ಟದ್ದು ಸುಮ್ಮನೆ ಅಲ್ಲ. ದನ ಮೇಯುವುದಕ್ಕೆ, ಸೌದೆಗೆ, ಗದ್ದೆಗೆ ಬೇಕಾದ ಸೊಪ್ಪಿಗೆ ಅದು ಆಸರೆಯಾಗಿತ್ತು. ಬಾಣೆಯ ಸೊಪ್ಪನ್ನು ಅಜ್ಜ ಕೊಟ್ಟಿಗೆಗೆ ಹಾಸುತ್ತಿದ್ದರು. ದನ ತುಳಿದು ಕಪ್ಪಾದ ಮೇಲೆ ಬುಟ್ಟಿಯಲ್ಲಿ ಹೊತ್ತು ಗದ್ದೆಗೆ ಇಳಿಸುತ್ತಿದ್ದರು. ಈಗ ಬಾಣೆ ತೋಟವಾಗಿದೆ, ಕೊಟ್ಟಿಗೆ ಬರಿದಾಗಿದೆ. ಸೊಪ್ಪಿನ ಜಾಗಕ್ಕೆ ಯೂರಿಯಾ ಮೂಟೆ ಬಂದಿದೆ.

ನಮ್ಮಂಥವರಿಗೆ ಈಗ ಉಳಿದಿರುವ ದಾರಿ ಗದ್ದೆಯಲ್ಲೇ ಬೆಳೆಸುವ ಹಸಿರೆಲೆ ಗೊಬ್ಬರದ ಗಿಡಗಳಾದ ಡಯಾಂಚ ಮತ್ತು ಸೆಣಬು. ಮೇ ತಿಂಗಳ ಮಳೆಗೆ ಬೀಜ ಚೆಲ್ಲಿದರೆ ಆರೇಳು ವಾರದಲ್ಲಿ ಸೊಂಟದೆತ್ತರ ಬರುತ್ತದೆ. ಹೂ ಕಾಣುವ ಹೊತ್ತಿಗೆ ಕೆಸರಿನಲ್ಲಿ ಮಗುಚಿ ಕೊಳೆಸಿದರೆ, ಬೇರಿನ ಗಂಟುಗಳು ಗಾಳಿಯಿಂದ ಹಿಡಿದಿಟ್ಟ ಸಾರಜನಕವೂ ಭತ್ತಕ್ಕೆ ಸಿಗುತ್ತದೆ. ಆದರೆ ಕಳೆದ ವರ್ಷ ಸಹಾಯಧನದ ಬೀಜ ನನ್ನ ಕೈ ಸೇರಿದ್ದು ನಾಟಿಗೆಂದು ಅಗೆ ಕಿತ್ತು ಕಟ್ಟುತ್ತಿದ್ದ ದಿನ! ಆ ಚೀಲ ಅಟ್ಟದಲ್ಲೇ ಉಳಿದು ಹುಳ ಹಿಡಿಯಿತು. ಬಿತ್ತುವ ಕಾಲಕ್ಕೆ ಬಾರದ ಸಹಾಯಧನ ಯಾರ ಲೆಕ್ಕಕ್ಕೆ?

ತೋಟದ ಕಥೆಯೂ ಸೊಪ್ಪಿನದೇ. ನಮ್ಮಲ್ಲಿ ಕಾಫಿಗೆ ನೆರಳಾಗಿ ಒಂದು ಬದಿಗೆ ಹಾಲುವಾಣ, ಅತ್ತಿ, ಹಲಸು ಇವೆ. ಇನ್ನೊಂದು ಬದಿಗೆ ಬರೀ ಸಿಲ್ವರ್ ಓಕ್. ಮೊನ್ನೆ ಎರಡೂ ಕಡೆ ಗುದ್ದಲಿ ಹಾಕಿದೆ. ಹಾಲುವಾಣದ ಬುಡದಲ್ಲಿ ಮಣ್ಣು ಕಪ್ಪಗೆ, ಹಿಡಿದರೆ ಉದುರುವಂತಿತ್ತು, ಎರೆಹುಳುಗಳು ಹೊರಬಿದ್ದವು. ಸಿಲ್ವರ್ ಓಕ್ ಅಡಿಯಲ್ಲಿ ಹೋದ ವರ್ಷದ ಎಲೆ ಇನ್ನೂ ಕೊಳೆಯದೆ ಒಣಗಿ ಬಿದ್ದಿತ್ತು, ಕೆಳಗಿನ ಕೆಂಪು ಮಣ್ಣು ಹೆಂಟೆಯಾಗಿ ಎದ್ದಿತು. ಇದನ್ನು ಕಂಡೂ ನಾವು ಸಿಲ್ವರ್ ಓಕ್ ನೆಡುತ್ತೇವೆ. ಅದನ್ನು ಕಡಿಯುವುದು ಸುಲಭ. ಕಾಡುಮರವಾದರೆ ಅನುಮತಿಗೆ ಅಲೆಯಬೇಕು. ಈ ನಿಯಮದ ಭಾರವನ್ನು ನಮ್ಮ ಮಣ್ಣು ಹೊರುತ್ತಿದೆ. ಸ್ವಂತ ತೋಟದಲ್ಲಿ ನೆಟ್ಟು ಬೆಳೆಸಿದ ನಾಡಮರಗಳಿಗಾದರೂ ಅನುಮತಿಯ ದಾರಿಯನ್ನು ಸರಳ ಮಾಡಿಸಿಕೊಡಿ.

ಇನ್ನು ಸುಣ್ಣದ ವಿಷಯ. ನಮ್ಮ ಮಳೆಗೆ ಕ್ಯಾಲ್ಸಿಯಂ, ಮೆಗ್ನೀಸಿಯಂ ತೊಳೆದುಹೋಗಿ ಮಣ್ಣು ಹುಳಿಯಾಗುತ್ತದೆ; ಆಗ ಹಾಕಿದ ರಂಜಕವನ್ನು ಕಬ್ಬಿಣ ಮತ್ತು ಅಲ್ಯೂಮಿನಿಯಂ ಹಿಡಿದುಕೊಳ್ಳುತ್ತವೆ, ಗಿಡಕ್ಕೆ ಬಿಡುವುದಿಲ್ಲ. 2015ರಲ್ಲಿ ಬಂದ ಮಣ್ಣು ಆರೋಗ್ಯ ಚೀಟಿಯಲ್ಲಿ ಹುಳಿಯನ್ನು ತೋರಿಸುವ ರಸಸಾರವೂ (ಪಿಎಚ್) ಸಾವಯವ ಇಂಗಾಲವೂ ಸೇರಿ 12 ಅಂಶಗಳಿವೆ. ಚೀಟಿ ಕೊಟ್ಟರೆ ಸಾಲದು, ಅದನ್ನು ತೋಟದಲ್ಲೇ ನಿಂತು ಓದಿ ಹೇಳುವವರು ಬೇಕು. ಹುಳಿ ತಗ್ಗಿಸುವ ಕೃಷಿ ಸುಣ್ಣವೂ ಯೂರಿಯಾದಷ್ಟೇ ಸುಲಭವಾಗಿ ಹೋಬಳಿಯಲ್ಲೇ ಸಿಗಬೇಕು.

ಎಲ್ಲವೂ ಒಟ್ಟಿಗೆ ಆಗದಿದ್ದರೆ ಬೀಜದಿಂದಲೇ ಆರಂಭಿಸಿ. ಏಪ್ರಿಲ್ ಕೊನೆಯೊಳಗೆ ಅದು ರೈತ ಸಂಪರ್ಕ ಕೇಂದ್ರದಲ್ಲಿರಲಿ. ಮೊದಲ ಮಳೆಗೆ ನಾನು ಗದ್ದೆ ಉತ್ತು ಇಟ್ಟಿರುತ್ತೇನೆ.

ಇಂತಿ ನಮಸ್ಕಾರಗಳೊಂದಿಗೆ,
ಪೊನ್ನಂಪೇಟೆ ತಾಲ್ಲೂಕಿನ ಒಬ್ಬ ರೈತ