ಗುಂಪಿಗೆ ಸೂಚನೆ: ಈ ವಾರ ಸೂಝೌ ಪಿಂಗ್‌ಟಾನ್

ಎಲ್ರಿಗೂ ನಮಸ್ಕಾರ, ಮುಖವಾಡ ಬದಲಾಯಿಸೋ ಸಿಚುವಾನ್ ಒಪೆರಾ ರೀಲ್ಸ್ ಸಾಕು ಮಾರಾಯ್ರೆ, ನಿನ್ನೆಯಿಂದ ಒಂದೇ ವಿಡಿಯೋ ಐದು ಸಲ ಬಂತು. ಈ ವಾರ ಚೀನಾದ ಸೂಝೌ ಊರಿನ ಪಿಂಗ್‌ಟಾನ್, ಅಂದ್ರೆ ಹಾಡ್ತಾ ಕಥೆ ಹೇಳೋ ಕಲೆ, ನೋಡೋಣ. ದೊಡ್ಡ ಸೆಟ್ಟಿಂಗ್ ಏನಿಲ್ಲ, ಟೀ ಕುಡಿಯೋ ಜಾಗ, ಒಂದು ಟೇಬಲ್, ಎರಡು ಕುರ್ಚಿ, ಸಾಮಾನ್ಯವಾಗಿ ಗಂಡಸಿನ ಕೈಲಿ ಮೂರು ತಂತಿಯ ಸಾನ್‌ಶಿಯಾನ್ ವಾದ್ಯ, ಹೆಂಗಸಿನ ಕೈಲಿ ಪೀಪಾ ಅನ್ನೋ ತಂತಿವಾದ್ಯ, ಇಬ್ರೇ ಕೂತ್ಕೊಂಡು ಎಲ್ಲಾ ಪಾತ್ರನೂ ದನಿ ಬದಲಾಯಿಸಿ ಮಾಡ್ತಾರೆ, ಮಧ್ಯೆ ಕಥೆಯಿಂದ ಹೊರಗೆ ಬಂದು ಒಂದು ಜೋಕ್ ಹೊಡೆದು ಮತ್ತೆ ಏನೂ ಆಗದವರ ಥರ ಒಳಗೆ ಹೋಗ್ತಾರೆ. ಒಂದೇ ಕಥೆ ದಿನಗಟ್ಲೆ ನಡೆಯತ್ತೆ, ಸರಿಯಾಗಿ ಕುತೂಹಲದ ಜಾಗದಲ್ಲಿ ನಿಲ್ಲಿಸ್ತಾರೆ, ನಾಳೆ ನೀವು ಬರ್ಲೇಬೇಕು! ಇದಕ್ಕೆ ಹೇಳೋ 'ಮಾಯ್ ಗ್ವಾನ್‌ಜ಼' ಅನ್ನೋ ಮಾತು ಈಗ ಚೀನೀ ದಿನಬಳಕೆಗೂ ಬಂದ್ಬಿಟ್ಟಿದೆ. ಭಾಷೆ ಸೂಝೌದ ಆಡುಮಾತು, ಮ್ಯಾಂಡರಿನ್ ಮಾತ್ರ ಬರೋರಿಗೇ ಅರ್ಥ ಆಗಲ್ಲ, ಹಂಗಾಗಿ ನಮಗೆ ತಿಳೀಲಿಲ್ಲ ಅಂತ ಬೇಜಾರ್ ಬೇಡ. 2006ರಲ್ಲಿ ಅಲ್ಲಿನ ರಾಷ್ಟ್ರೀಯ ಪರಂಪರೆ ಪಟ್ಟಿಗೆ ಸೇರಿದೆ.

ಶನಿವಾರದೊಳಗೆ ಹತ್ತು ನಿಮಿಷ ಇಯರ್‌ಫೋನ್ ಹಾಕಿ ಕೇಳಿ, ಅನಿಸಿದ್ದು ವಾಯ್ಸ್ ನೋಟಲ್ಲಿ ಹಾಕಿ. ಗುಡ್ ಮಾರ್ನಿಂಗ್ ಫೋಟೋ ದಯವಿಟ್ಟು ಬೇಡ.