ಬ್ರೇಕ್ ಒತ್ತಿದಾಗ ಸ್ಟೀರಿಂಗ್ ನಡುಗುವುದನ್ನು ‘ಕಸ್ಟಮರ್ ಫೀಲಿಂಗ್’ ಎಂದು ಜಾಬ್ ಕಾರ್ಡ್‌ನಲ್ಲಿ ಬರೆದುದರ ಬಗ್ಗೆ ದೂರು

ಗೆ,
ವ್ಯವಸ್ಥಾಪಕರು, ಸರ್ವಿಸ್ ವಿಭಾಗ,
ತುಮಕೂರು ರಸ್ತೆ ವರ್ಕ್‌ಶಾಪ್, ಬೆಂಗಳೂರು

ಮಾನ್ಯರೇ,

ಫೋನಿನಲ್ಲಿ ಹೇಳಬೇಕಾದ್ದನ್ನೆಲ್ಲ ಹೇಳಿಯಾಗಿದೆ. ‘ನಿಮ್ಮ ಕರೆ ನಮಗೆ ಅಮೂಲ್ಯ’ ಎನ್ನುವ ಆ ಹೆಣ್ಣುಮಗಳ ದನಿ ಈಗ ನಮ್ಮ ಮನೆಯವರಿಗೆಲ್ಲ ಪರಿಚಯ. ಆದ್ದರಿಂದ ಬರವಣಿಗೆಯಲ್ಲಿ ಕೊಡುತ್ತಿದ್ದೇನೆ. ಆದಷ್ಟು ಸಮಾಧಾನದಿಂದ ಬರೆಯಬೇಕೆಂದಿದ್ದೇನೆ.

ತೊಂದರೆ ಇಷ್ಟು. ನೆಲಮಂಗಲ ದಾಟಿ ದಾಬಸ್‌ಪೇಟೆ ಕಡೆಗೆ ಎಂಬತ್ತರಲ್ಲಿ ಹೋಗುವಾಗ ಸ್ಟೀರಿಂಗ್ ತಣ್ಣಗಿರುತ್ತದೆ. ಬ್ರೇಕ್ ಒತ್ತಿದ ಕೂಡಲೇ ಎಡಕ್ಕೂ ಬಲಕ್ಕೂ ನಡುಗುತ್ತದೆ. ಬಿಟ್ಟರೆ ನಿಲ್ಲುತ್ತದೆ. ಮೊದಲ ದಿನವೇ ಇದನ್ನು ಇದೇ ಮಾತಿನಲ್ಲಿ ಹೇಳಿ ಬರೆಸಿದ್ದೆ. ಬ್ರೇಕ್ ಮುಟ್ಟದೆಯೂ ನಡುಗಿದರೆ ವೀಲ್ ಬ್ಯಾಲೆನ್ಸಿಂಗ್ ನೋಡಬೇಕು. ಬ್ರೇಕ್ ಒತ್ತಿದಾಗ ಮಾತ್ರ, ಅದೂ ಸ್ಟೀರಿಂಗ್‌ನಲ್ಲಿ ಬಂದರೆ ಮೊದಲು ಮುಂದಿನ ಡಿಸ್ಕ್, ಅಂದರೆ ಚಕ್ರದ ಜೊತೆ ತಿರುಗುವ ಬ್ರೇಕಿನ ತಟ್ಟೆ, ನೋಡಬೇಕು. ಸ್ಟೀರಿಂಗ್ ಸುಮ್ಮನಿದ್ದು ಸೀಟು ಅದುರಿದರೆ ಹಿಂದಿನ ಚಕ್ರದ ಕಡೆ ಹೋಗಬೇಕು. ಇದೆಲ್ಲ ನಿಮಗೆ ಗೊತ್ತಿಲ್ಲದ್ದಲ್ಲ. ಆದರೂ ಮೊದಲು ಬ್ಯಾಲೆನ್ಸಿಂಗ್ ಮಾಡಿದಿರಿ. ಆಮೇಲೆ ಅಲೈನ್‌ಮೆಂಟ್. ಆಮೇಲೆ ಡಿಸ್ಕನ್ನು ಅದುಮಿ ಹಿಡಿಯುವ ಪ್ಯಾಡ್. ಕೊನೆಗೆ ‘ಡಿಸ್ಕ್ ಬೆಂಡ್ ಆಗಿದೆ’ ಎಂದು ಎರಡೂ ಡಿಸ್ಕ್ ಬದಲಾಯಿಸಿದಿರಿ. ಹಳೇ ಡಿಸ್ಕ್ ಕೊಡಿ ಎಂದರೆ ಅದಾಗಲೇ ಗುಜರಿಗೆ ಹೋಗಿತ್ತು. ನಿಮ್ಮಲ್ಲಿ ಚುರುಕಾಗಿ ನಡೆಯುವ ವಿಭಾಗ ಅದೊಂದೇ ಇರಬೇಕು.

ಹೊಸ ಡಿಸ್ಕ್ ಬಿದ್ದ ಮೇಲೆ ನಡುಕ ನಿಂತಿತು. ಕೆಲವು ತಿಂಗಳ ನಂತರ ಮತ್ತೆ ಶುರುವಾಯಿತು. ಗಾಡಿ ತಂದೆ. ಅಂದು ನಡೆದದ್ದನ್ನು ಬಿಡದೆ ಬರೆಯುತ್ತೇನೆ.

ನಿಮ್ಮ ಸರ್ವಿಸ್ ಅಡ್ವೈಸರ್, ಕುತ್ತಿಗೆಯಲ್ಲಿ ನೀಲಿ ಪಟ್ಟಿಯ ಐಡಿ ಕಾರ್ಡ್, ಒಂದು ಕಿವಿಯಲ್ಲಿ ಇಯರ್‌ಫೋನ್, ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಸರ್ವಿಸ್ ರಸ್ತೆಗೆ ಗಾಡಿ ಇಳಿಸಿದರು. ಮುಂದೆ ಒಂದು ಟಾಟಾ ಏಸ್, ಹಿಂದೆ ನೀರಿನ ಟ್ಯಾಂಕರ್. ವೇಗ ಮೂವತ್ತು ದಾಟಲಿಲ್ಲ.

“ಎಲ್ಲಿ ಸರ್ ವೈಬ್ರೇಶನ್? ನಂಗೇನೂ ಗೊತ್ತಾಗ್ತಿಲ್ವಲ್ಲ.”

“ಮೂವತ್ತರಲ್ಲಿ ಗೊತ್ತಾಗಲ್ಲಪ್ಪ. ಫ್ಲೈಓವರ್ ಹತ್ತು, ಎಂಬತ್ತರ ಹತ್ರ ಹೋಗಿ ಬ್ರೇಕ್ ಹಿಡಿ.”

“ಅಷ್ಟ್ ದೂರ ಟೆಸ್ಟ್ ಡ್ರೈವ್‌ಗೆ ಪರ್ಮಿಷನ್ ಇಲ್ಲ ಸರ್.”

ಯೂ ಟರ್ನ್ ಹೊಡೆದು ವಾಪಸ್ ಬಂದೆವು. ಕಸ್ಟಮರ್ ಲೌಂಜಿನಲ್ಲಿ ಏಳೆಂಟು ಜನ ಕೂತಿದ್ದರು. ಟಿವಿಯಲ್ಲಿ ಯಾರೋ ಬದನೆಕಾಯಿ ಎಣ್ಣೆಗಾಯಿ ಮಾಡುತ್ತಿದ್ದರು. ನಾನು ನಿಮ್ಮ ಮೆಷಿನ್ನಿನ ಕಾಫಿ ಹಿಡಿದು ಕೌಂಟರಿನ ಮುಂದೆ ನಿಂತಿದ್ದೆ. ಡಿಸ್ಕ್‌ನ ರನ್‌ಔಟ್, ಅಂದರೆ ತಿರುಗುವಾಗಿನ ಓಲಾಟ, ಎಷ್ಟಿದೆ, ಅದನ್ನು ಅಳೆಯುವ ಡಯಲ್ ಗೇಜ್ ಹಾಕಿ ನೋಡಿದ್ದೀರಾ ಎಂದು ಕೇಳಿದೆ. “ಅದೆಲ್ಲ ಟೆಕ್ನಿಕಲ್, ನಿಮ್ಗೆ ಅರ್ಥ ಆಗಲ್ಲ” ಎಂದರು. ಆಮೇಲೆ ನನ್ನ ಕೈಯಿಂದ ಕಪ್ ತೆಗೆದುಕೊಂಡು ಟೇಬಲ್ ಮೇಲಿಟ್ಟರು.

“ಅಂಕಲ್, ಒಂದ್ಸಲ ಎರಡೂ ಕೈ ಮುಂದಕ್ಕೆ ಚಾಚಿ.”

ಅಲ್ಲಿಯವರೆಗೆ ‘ಸರ್’ ಆಗಿದ್ದವನು ಅಲ್ಲಿಂದ ‘ಅಂಕಲ್’ ಆದೆ. ಯಾಕೆಂದು ತಿಳಿಯದೆ ಚಾಚಿದೆ. ಅವರು ಬಗ್ಗಿ ನನ್ನ ಬೆರಳುಗಳನ್ನು ನೋಡಿದರು. ಕೌಂಟರಿನ ಹುಡುಗಿಯ ಕಡೆ ತಿರುಗಿ, “ವೈಬ್ರೇಶನ್ ಕಾರಲ್ಲಿಲ್ಲ ಕಣೇ” ಎಂದರು. ಸೋಫಾದಲ್ಲಿದ್ದವರು ನಕ್ಕರು. ಟಿವಿ ನೋಡುತ್ತಿದ್ದವರೂ ತಿರುಗಿದರು. “ವಯಸ್ಸಾದ್ಮೇಲೆ ಹೀಗೆಲ್ಲ ಅನ್ಸುತ್ತೆ, ಒಂದ್ಸಲ ಡಾಕ್ಟ್ರಿಗೆ ತೋರಿಸ್ಬಿಡಿ ಅಂಕಲ್” ಎಂದು ಕಾಳಜಿಯನ್ನೂ ತೋರಿಸಿದರು. ಜಾಬ್ ಕಾರ್ಡಿನಲ್ಲಿ ‘ನೋ ಅಬ್‌ನಾರ್ಮಾಲಿಟಿ, ಕಸ್ಟಮರ್ ಫೀಲಿಂಗ್’ ಎಂದು ಬರೆದು ಸಹಿ ಹಾಕಿಸಿಕೊಳ್ಳಲು ಬಂದರು. ಹಾಕಲಿಲ್ಲ. ತುಂಬಿದ ಕಪ್ಪನ್ನು ಅಷ್ಟು ಹೊತ್ತು ಅದೇ ಕೈಯಲ್ಲಿ ಹಿಡಿದಿದ್ದೆ, ಒಂದು ಹನಿ ಚೆಲ್ಲಿರಲಿಲ್ಲ. ನಿಮ್ಮ ಸಿಸಿಟಿವಿ ಕೆಲಸ ಮಾಡುತ್ತಿದ್ದರೆ ನೋಡಿಕೊಳ್ಳಬಹುದು.

ನಾನು ಜಾಲಹಳ್ಳಿ ಎಚ್‌ಎಂಟಿಯಲ್ಲಿ ಇನ್ಸ್‌ಪೆಕ್ಷನ್ ಸೆಕ್ಷನ್ನಿನಲ್ಲಿದ್ದವನು. ನೌಕರಿಯುದ್ದಕ್ಕೂ ಮಾಡಿದ ಕೆಲಸ, ಲೇತ್ ಸ್ಪಿಂಡಲ್ಲಿಗೆ ಡಯಲ್ ಗೇಜ್ ಹಾಕಿ ರನ್‌ಔಟ್ ನೋಡುವುದು. ಇದನ್ನು ನಿಮ್ಮ ಲೌಂಜಿನಲ್ಲಿ ಹೇಳಬಹುದಿತ್ತು. ಗ್ರಾಹಕ ತನ್ನ ಬಯೋಡೇಟಾ ಕೊಟ್ಟರೆ ಮಾತ್ರ ಚಕ್ರ ಬಿಚ್ಚಿ ನೋಡುವ ಪದ್ಧತಿ ನಿಮ್ಮ ಕಂಪನಿಯಲ್ಲಿ ಇರಲಾರದು ಎಂದುಕೊಂಡು ಸುಮ್ಮನಿದ್ದೆ.

ಪೀಣ್ಯದಲ್ಲಿ ನನ್ನ ಹಳೇ ಸಹೋದ್ಯೋಗಿಯೊಬ್ಬರ ಸಣ್ಣ ಮೆಷಿನ್ ಶಾಪ್ ಇದೆ. ಗಾಡಿಯನ್ನು ಅಲ್ಲಿಗೆ ಒಯ್ದೆ. ಮೊದಲನೆಯದಾಗಿ ವೀಲ್ ನಟ್ ಬಿಚ್ಚಲಾಗಲಿಲ್ಲ. ಸ್ಪ್ಯಾನರಿಗೆ ಪೈಪು ತೂರಿಸಿ ಇಬ್ಬರು ಜೋತುಬಿದ್ದ ಮೇಲೆ ಬಂತು. ನಿಮ್ಮ ಹುಡುಗರು ಇಂಪ್ಯಾಕ್ಟ್ ಗನ್ನಿನಲ್ಲಿ ಒಂದೇ ಸಮ ‘ಟರ್ರ್’ ಎನಿಸಿ ಮುಗಿಸುವುದನ್ನು ಲೌಂಜಿನ ಗಾಜಿನಾಚೆ ನಾನೇ ನೋಡಿದ್ದೇನೆ. ಎದುರುಬದುರು ನಟ್‌ಗಳನ್ನು ಸರದಿಯಲ್ಲಿ, ಟಾರ್ಕ್ ರೆಂಚಿನಿಂದ, ಹೇಳಿದಷ್ಟೇ ಬಿಗಿಯಬೇಕೆಂಬುದು ನಿಮ್ಮದೇ ಮ್ಯಾನ್ಯುಯಲ್ಲಿನಲ್ಲಿದೆ.

ಡಿಸ್ಕನ್ನು ಹಬ್ಬಿಗೆ, ಅಂದರೆ ಡಿಸ್ಕೂ ಚಕ್ರವೂ ಕೂರುವ ನಡುಭಾಗಕ್ಕೆ, ಬಿಗಿದು, ಅಂಚಿನಿಂದ ಸುಮಾರು 10 ಮಿ.ಮೀ. ಒಳಗೆ ಗೇಜಿನ ತುದಿಯಿಟ್ಟು ಕೈಯಲ್ಲಿ ನಿಧಾನ ತಿರುಗಿಸಿದೆವು. ಎಡಗಡೆ ರನ್‌ಔಟ್ 0.14 ಮಿ.ಮೀ. ಇಂಥ ಕಾರುಗಳಿಗೆ ಸಾಮಾನ್ಯವಾಗಿ 0.05ರಿಂದ 0.10ರೊಳಗೆ ಇರಬೇಕೆನ್ನುತ್ತಾರೆ. ಡಿಸ್ಕ್ ಕಳಚಿ ನೋಡಿದರೆ ಹಬ್ಬಿನ ಮುಖದ ಮೇಲೆ ತುಕ್ಕಿನ ಹೊಪ್ಪಳಿಕೆ. ಅದರ ಮೇಲೇ ಹೊಸ ಡಿಸ್ಕ್ ಕೂರಿಸಿದ್ದೀರಿ. ಮಣೆಯ ಕೆಳಗೆ ಬೆಣಚುಕಲ್ಲು ಬಿಟ್ಟು ಊಟಕ್ಕೆ ಕೂರಿಸಿದ ಹಾಗಾಯಿತು. ಎಮರಿ ಪೇಪರಿನಿಂದ ಉಜ್ಜಿ ಅದೇ ಡಿಸ್ಕನ್ನು ಮತ್ತೆ ಹಾಕಿದಾಗ 0.04 ಬಂತು.

ನಡುಕ ತಡವಾಗಿ ಯಾಕೆ ಬಂತು ಎಂಬುದಕ್ಕೂ ಉತ್ತರ ಇಲ್ಲೇ ಇದೆ. ಓಲಾಡುವ ಡಿಸ್ಕ್ ಬ್ರೇಕ್ ಒತ್ತದಿದ್ದಾಗಲೂ ಸುತ್ತಿಗೊಮ್ಮೆ ಒಂದೇ ಜಾಗದಲ್ಲಿ ಪ್ಯಾಡಿಗೆ ಸವರುತ್ತದೆ. ಕೆಲವು ಸಾವಿರ ಕಿಲೋಮೀಟರ್ ಓಡುವುದರೊಳಗೆ ಆ ಜಾಗ ತೆಳ್ಳಗಾಗುತ್ತದೆ. ಆಮೇಲೆ ಬ್ರೇಕ್ ಒತ್ತಿದಾಗ ಪ್ಯಾಡಿಗೆ ದಪ್ಪ ತೆಳುವು ಸಿಕ್ಕಿ ಹಿಡಿತ ಏರಿಳಿಯುತ್ತದೆ, ಸ್ಟೀರಿಂಗ್ ನಡುಗುತ್ತದೆ. ಮೈಕ್ರೋಮೀಟರ್ ಹಿಡಿದು ಡಿಸ್ಕಿನ ಸುತ್ತ ಎಂಟು ಕಡೆ ಅಳೆದೆವು. ವ್ಯತ್ಯಾಸ 0.03 ಮಿ.ಮೀ. ನಡುಕಕ್ಕೆ ಅಷ್ಟು ಧಾರಾಳವಾಗಿ ಸಾಕು. ಡಿಸ್ಕಿನ ಮೇಲೆ ಕೊರೆದಿರುವ ಕನಿಷ್ಠ ದಪ್ಪಕ್ಕಿಂತ ಇನ್ನೂ ದಪ್ಪವಿದ್ದುದರಿಂದ ಅಲ್ಲೇ ಸ್ಕಿಮ್ಮಿಂಗ್ ಮಾಡಿಸಿ, ಅಂದರೆ ಡಿಸ್ಕಿನ ಮುಖವನ್ನು ತೆಳುವಾಗಿ ಹೆರೆಸಿ ಸಮ ಮಾಡಿಸಿ, ನಟ್‌ಗಳನ್ನು ಟಾರ್ಕ್ ರೆಂಚಿನಲ್ಲಿ ಬಿಗಿದು, ದಾಬಸ್‌ಪೇಟೆವರೆಗೆ ಹೋಗಿ ಬಂದೆ. ನಡುಕವಿಲ್ಲ. ಕೈ ಮಾತ್ರ ಅದೇ ಹಳೇ ಕೈ.

ಚಕ್ರವನ್ನು ಹಿಡಿದಿರುವ ಕೆಳತೋಳಿನ ರಬ್ಬರ್, ಅದೇ ಲೋಯರ್ ಆರ್ಮ್ ಬುಷ್, ಬದಲಾಯಿಸಬೇಕೆಂದು ನೀವು ಕಳಿಸಿದ ಎಸ್ಟಿಮೇಟ್ ಇನ್ನೂ ನನ್ನ ಫೋನಿನಲ್ಲಿದೆ. ಸವೆದ ಬುಷ್ ನಡುಕವನ್ನು ದೊಡ್ಡದು ಮಾಡಬಹುದು, ಹುಟ್ಟಿಸುವುದಿಲ್ಲ. ನನ್ನ ಗಾಡಿಯ ಬುಷ್ ಸವೆದೂ ಇಲ್ಲ.

ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್, ಪ್ಯಾಡ್, ಡಿಸ್ಕ್, ಪೀಣ್ಯದ ಸ್ಕಿಮ್ಮಿಂಗ್, ಇಷ್ಟರ ಹಣ ವಾಪಸ್ ಬರಬೇಕು. ಜಾಬ್ ಕಾರ್ಡಿನ ‘ಕಸ್ಟಮರ್ ಫೀಲಿಂಗ್’ ತೆಗೆದು ನಿಜವಾದ ಕಾರಣ ಬರೆದುಕೊಡಬೇಕು. ಉಚಿತ ವಾಷಿಂಗ್ ಕೂಪನ್ ಕಳಿಸಬೇಡಿ, ನಮ್ಮ ಮನೆಯಲ್ಲಿ ಬಕೆಟ್ ಇದೆ.

ಹದಿನೈದು ದಿನ ಕಾಯುತ್ತೇನೆ. ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡುವುದಲ್ಲದೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಸೇವಾ ನ್ಯೂನತೆ ಎಂದು ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. ಐದು ಲಕ್ಷದೊಳಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ದೂರು ಕೊಡಲು ಎರಡು ವರ್ಷದ ಅವಧಿಯಿದೆ. ಗೇಜಿನ ರೀಡಿಂಗ್, ತುಕ್ಕಿನ ಫೋಟೊ, ಬಿಲ್ಲುಗಳು ಎಲ್ಲ ಈ ಪತ್ರದ ಜೊತೆಗಿವೆ.

ಇನ್ನೊಂದು ಮಾತು. ನಮ್ಮ ಬಡಾವಣೆಯಲ್ಲಿ ನಿಮ್ಮಲ್ಲಿ ಸರ್ವಿಸ್ ಮಾಡಿಸುವವರು ಬಹಳ ಜನ ಇದ್ದಾರೆ. ನಿಮ್ಮ ಉತ್ತರ ಬಾರದಿದ್ದರೆ ಪ್ರತಿ ಭಾನುವಾರ ಬೆಳಿಗ್ಗೆ ನಮ್ಮ ಗೇಟಿನ ಮುಂದೆ ಜ್ಯಾಕ್ ಹಾಕಿ ಅವರ ಗಾಡಿಗಳ ರನ್‌ಔಟನ್ನು ಪುಕ್ಕಟೆ ಅಳೆದುಕೊಡುತ್ತೇನೆ. ಮಿತಿ ಮೀರಿದವರಿಗೆ ದೂರು ಅರ್ಜಿಯನ್ನೂ ನಾನೇ ಬರೆದುಕೊಡುತ್ತೇನೆ. ನನಗೆ ರಿಟೈರ್ ಆಗಿದೆ, ಬೇಕಾದಷ್ಟು ಪುರಸೊತ್ತಿದೆ.

ಇತಿ,
ನಿಮ್ಮ ವರ್ಕ್‌ಶಾಪಿನ ಅಂಕಲ್