ಆ ಎರಡು ಸಾಲಿನ ಚೀಟಿ

ಪ್ರೀತಿಯ ಮಂಜಾ,

ಹೋದ ಸಲ ಫೋನಿನಲ್ಲಿ ಕೇಳಿದೆಯಲ್ಲ, "ಅಲ್ಲಿ ಸರ್ಕಾರಿ ಶಾಲೆ ಮಕ್ಕಳು ಪರೀಕ್ಷೆ ಬೇಡ ಅಂದ್ರೆ ಬಿಟ್ಟುಬಿಡ್ತಾರಂತೆ, ಹೌದೇನೋ?" ಅಂತ. ನಾನು ಮಾತು ಮರೆಸಿ ನೀಲಿ ಛತ್ರಿ ಕಥೆ ತೆಗೆದೆ. ಇವತ್ತು ಹೇಳುತ್ತೇನೆ.

ಹೌದು ಕಣೋ. ಅಮೆರಿಕದಲ್ಲಿ 2002ರಲ್ಲಿ ಬಂದ ಕಾನೂನಿನ ಪ್ರಕಾರ ಮೂರರಿಂದ ಎಂಟನೇ ಕ್ಲಾಸಿನವರೆಗೆ ಪ್ರತಿ ವರ್ಷ ಓದು, ಗಣಿತದ ಪರೀಕ್ಷೆ ನಡೆಸಲೇಬೇಕು. 2015ರಲ್ಲಿ ಕಾನೂನು ಬದಲಾಯಿತು, ಪರೀಕ್ಷೆ ಉಳಿಯಿತು. ಅದೇ ವರ್ಷ ನಮ್ಮ ನ್ಯೂಯಾರ್ಕ್ ರಾಜ್ಯದಲ್ಲಿ ಐವರಲ್ಲಿ ಒಬ್ಬರು, ಸುಮಾರು 2 ಲಕ್ಷ ಮಕ್ಕಳು, ಬರೆಯಲೇ ಇಲ್ಲ. ಮಕ್ಕಳ ಅಂಕ ನೋಡಿ ಮೇಷ್ಟ್ರಿಗೆ ಬೆಲೆ ಕಟ್ಟುತ್ತಿದ್ದರು. ಹೆತ್ತವರಿಗೆ ಸಿಟ್ಟು ಬಂದಿದ್ದು ಸರಿಯೇ.

ಹೋದ ವರ್ಷ ನಾನೂ ಚೀಟಿ ಕೊಟ್ಟೆ. "ನನ್ನ ಮಗಳು ಪರೀಕ್ಷೆ ಬರೆಯುವುದಿಲ್ಲ." ಎರಡೇ ಸಾಲು, ಕೆಳಗೆ ಸಹಿ. ಮಗುವಿನ ಮೇಲೆ ಒತ್ತಡ ಬೇಡ ಅಂತ ಕಂಡವರಿಗೆಲ್ಲ ಹೇಳಿದೆ.

ನಿಜ ಬೇರೆ ಇತ್ತು. "ಓದಿನಲ್ಲಿ ಸ್ವಲ್ಪ ಹಿಂದಿದ್ದಾಳೆ" ಅಂತ ಟೀಚರ್ ಮೊದಲೇ ಅಂದಿದ್ದರು. ರಾತ್ರಿ ಓದಿಸಲು ಕೂತರೆ ಸಾಲಿನ ಕೆಳಗೆ ಬೆರಳು ಸರಿಸುತ್ತಾ ಬರುತ್ತಿದ್ದಳು. ಉದ್ದದ ಪದ ಬಂತೋ, ಬೆರಳು ನಿಲ್ಲುತ್ತಿತ್ತು. ಚಿತ್ರ ನೋಡುವುದು, ಏನೋ ಒಂದು ಹೇಳುವುದು, ನನ್ನ ಮುಖ ನೋಡುವುದು. ನನಗೆ ಗೊತ್ತಿತ್ತು ಮಂಜಾ. ಅದು ಅಂಕಿಯಾಗಿ ಮನೆಗೆ ಬರುವುದನ್ನು ನೋಡುವ ಧೈರ್ಯ ಇರಲಿಲ್ಲ. ನನ್ನ ಹೆದರಿಕೆಗೆ ಅವಳ ಹೆಸರು ಕೊಟ್ಟೆ. ಅವಳಿಗೆ ಸಿಗಬೇಕಾದ ಸಹಾಯ ಒಂದು ವರ್ಷ ತಡವಾಯಿತು.

ಅದಕ್ಕೇ ಈಗ ಯಾರಾದರೂ "ಪರೀಕ್ಷೆ ಬೇಕಾದವರು ಬರೆಯಲಿ" ಅಂದರೆ ಎದೆ ಧಸಕ್ ಅನ್ನುತ್ತದೆ. ಬಡ ಮಕ್ಕಳು, ಅಂಗವಿಕಲ ಮಕ್ಕಳು, ಇಂಗ್ಲಿಷ್ ಇನ್ನೂ ಕಲಿಯುತ್ತಿರುವವರು, ಇವರ ಫಲಿತಾಂಶ ಬೇರೆಬೇರೆಯಾಗಿ ತೋರಿಸಬೇಕು ಅನ್ನುತ್ತದೆ ಕಾನೂನು. ಶೇ 95ರಷ್ಟು ಮಕ್ಕಳು ಬರೆಯಬೇಕು ಅಂತಲೂ ಇದೆ. ಸುಮ್ನೆ ಅಲ್ಲ ಅದು. ಬಿಡುವುದು ಅವರವರ ಇಷ್ಟ ಅಂದಾಗ ಓದಲು ಕಷ್ಟಪಡುವ ಮಗುವನ್ನೇ ಅಲ್ವಾ ಮೊದಲು ಬಿಡಿಸುವುದು? ನಾನು ಮಾಡಿದ್ದೂ ಅದೇ. ಶಾಲೆಯ ಲೆಕ್ಕ ಚೆಂದ ಕಾಣುತ್ತದೆ, ಮಗು ಲೆಕ್ಕಕ್ಕೇ ಸಿಗುವುದಿಲ್ಲ. ಅಂಕ ಹಿಡಿದು ಮೇಷ್ಟ್ರನ್ನು ಹೆದರಿಸುವುದು ನಿಲ್ಲಿಸಲಿ, ಪರೀಕ್ಷೆಯ ದಿನಗಳು ಕಡಿಮೆಯಾಗಲಿ. ಆದರೆ ಎಲ್ಲರೂ ಬರೆಯಲಿ.

ಇಷ್ಟೆಲ್ಲ ಹೇಳಬೇಕು ಅಂತ ಕೂತಿರಲಿಲ್ಲ. ಈಗ ಶಾಲೆಯಲ್ಲಿ ವಾರಕ್ಕೆ ಮೂರು ದಿನ ಅವಳಿಗೆ ಬೇರೆಯಾಗಿ ಓದಿಸುತ್ತಾರೆ. ನಿನ್ನೆ 'ಹಿಪೊಪೊಟಮಸ್' ಅಂತ ಬೆರಳು ನಿಲ್ಲಿಸದೆ ಓದಿದಳು! ಮಂಜ ಮಾಮನಿಗೂ ಓದಿ ಹೇಳಬೇಕಂತೆ. ಭಾನುವಾರ ಫೋನ್ ಮಾಡುತ್ತಾಳೆ, ಎತ್ತು. ಛತ್ರಿ ಮಾತ್ರ ವಾಪಸ್ ಕೇಳಬೇಡ.

ನಿನ್ನ ಗೆಳೆಯ